ಟಿಡಿಎಸ್ ಕಟ್ ಆಗಿದೆ, ಆದ್ರೂ ಮೆಸೇಜ್ ಯಾಕೆ ಬಂತು? ಆರ್‌ಎಸ್‌ಯು ಮತ್ತು ಶೆಡ್ಯೂಲ್ ಎಫ್‌ಎ

ಹೋದ ವಾರ ಶೋಲಿಂಗನಲ್ಲೂರಿನಲ್ಲಿ ಕಾಫಿ ಕುಡೀತಾ ಇದ್ದಾಗ ದಾವಣಗೆರೆ ಕಡೆಯ ಗೆಳೆಯನೊಬ್ಬ ಕೇಳಿದ: "ಮಗಾ, ಸಿಂಗಾಪುರದಲ್ಲಿ ಟ್ರಸ್ಟ್ ಮಾಡಿ ಅಮೆರಿಕದ ಷೇರನ್ನ ಅದರಲ್ಲಿ ಇಟ್ರೆ ತೆರಿಗೆ ಉಳಿಯುತ್ತಂತೆ, ಹೌದಾ?" ನಾನಂದೆ, "ಅದಿರ್ಲಿ, ಈಗಿರೋ ಷೇರನ್ನ ರಿಟರ್ನ್‌ನಲ್ಲಿ ತೋರಿಸಿದ್ದೀಯಾ?" "ಕಂಪನಿನೇ ಟಿಡಿಎಸ್ ಕಟ್ ಮಾಡಿದೆಯಲ್ಲಾ!" ಅಂದ.

ಇದೇ ತಪ್ಪು ನಾನೂ ಮಾಡಿದ್ದೆ. 2023ರಲ್ಲಿ ನನಗೆ ಸುಮಾರು 11 ಲಕ್ಷದ ಷೇರು ವೆಸ್ಟ್ ಆಯ್ತು. ಅದರ ತೆರಿಗೆ ಫಾರ್ಮ್ 16ರಲ್ಲೇ ಇತ್ತು. ನಿಶ್ಚಿಂತೆಯಿಂದ ಐಟಿಆರ್-1 ಹಾಕಿದೆ. 2024ರ ನವೆಂಬರ್‌ನಲ್ಲಿ ತೆರಿಗೆ ಇಲಾಖೆಯಿಂದ ಮೆಸೇಜ್ ಬಂತು: ನಿಮ್ಮ ವಿದೇಶಿ ಆಸ್ತಿಯ ಮಾಹಿತಿ ನಮ್ಮ ಹತ್ತಿರ ಇದೆ, ರಿಟರ್ನ್ ಪರಿಶೀಲಿಸಿ. ಆ ರಾತ್ರಿ ನಿದ್ದೆ ಬರಲಿಲ್ಲ.

ವಿಷಯ ಇಷ್ಟೇ. ತೆರಿಗೆ ಕಟ್ಟೋದು ಬೇರೆ, ಆಸ್ತಿ ತೋರಿಸೋದು ಬೇರೆ. ವಿದೇಶಿ ಷೇರು ಒಂದೇ ಒಂದು ಇದ್ರೂ ಐಟಿಆರ್-1 ಹಾಕೋ ಹಾಗಿಲ್ಲ. ಐಟಿಆರ್-2ರ ಶೆಡ್ಯೂಲ್ ಎಫ್‌ಎ ತುಂಬಬೇಕು. 2015ರ ಕಪ್ಪುಹಣ ಕಾಯ್ದೆ ಪ್ರಕಾರ ತೋರಿಸದೇ ಇದ್ರೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಮೊದಲು ವಿನಾಯಿತಿ ಇದ್ದದ್ದು 5 ಲಕ್ಷದವರೆಗಿನ ಬ್ಯಾಂಕ್ ಖಾತೆಗೆ ಮಾತ್ರ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ದಾಟದಿದ್ರೆ ಈ ದಂಡ ಇಲ್ಲ. ಗಮನಿಸಿ, ವಿನಾಯಿತಿ ದಂಡಕ್ಕೆ ಮಾತ್ರ. ತೋರಿಸೋದು ಕಡ್ಡಾಯವೇ.

ಇಲಾಖೆಗೆ ಹೇಗೆ ಗೊತ್ತಾಗುತ್ತೆ? ಅಮೆರಿಕದಿಂದ ಫ್ಯಾಟ್ಕಾ ಒಪ್ಪಂದದಲ್ಲಿ, ಸಿಂಗಾಪುರ ಸೇರಿ ನೂರಕ್ಕೂ ಹೆಚ್ಚು ದೇಶಗಳಿಂದ ಸಿಆರ್‌ಎಸ್ ವ್ಯವಸ್ಥೆಯಲ್ಲಿ ಮಾಹಿತಿ ತಾನಾಗೇ ಬರುತ್ತೆ. ಆ ಅಭಿಯಾನದ ನಂತರ 24,678 ಜನ ತಮ್ಮ ರಿಟರ್ನ್ ಮರುಪರಿಶೀಲಿಸಿದರು ಅಂತ ಸರ್ಕಾರವೇ ಹೇಳಿದೆ.

ತುಂಬುವಾಗ ಎಡವೋದು ಎರಡು ಕಡೆ. ಒಂದು, ಎಫ್‌ಎಗೆ ಹಣಕಾಸು ವರ್ಷ ಅಲ್ಲ, ಕ್ಯಾಲೆಂಡರ್ ವರ್ಷ. 2025-26ರ ಅಸೆಸ್‌ಮೆಂಟ್‌ಗೆ 2024ರ ಜನವರಿಯಿಂದ ಡಿಸೆಂಬರ್ ಲೆಕ್ಕ. 2025ರ ಫೆಬ್ರವರಿಯಲ್ಲಿ ವೆಸ್ಟ್ ಆಗಿದ್ದು ಮುಂದಿನ ಸಲಕ್ಕೆ. ಎರಡು, ಡಿವಿಡೆಂಡ್. ಡಬ್ಲ್ಯು-8ಬೆನ್ ಕೊಟ್ಟಿದ್ರೆ ಅಮೆರಿಕದಲ್ಲಿ 25% ಕಟ್ ಆಗಿರುತ್ತೆ; ಅಷ್ಟಕ್ಕೆ ಮುಗೀಲಿಲ್ಲ, ಇಲ್ಲಿ ಸ್ಲ್ಯಾಬ್ ಪ್ರಕಾರ ತೆರಿಗೆ ಇದೆ. ಅಲ್ಲಿ ಕಟ್ಟಿದ್ದನ್ನ ಇಲ್ಲಿ ಕಳೀಬೇಕಾದ್ರೆ ಫಾರ್ಮ್ 67 ಹಾಕಬೇಕು.

ಇನ್ನು ಗೆಳೆಯನ ಟ್ರಸ್ಟ್. ಹೊರದೇಶದ ಟ್ರಸ್ಟ್‌ನಲ್ಲಿ ನೀವು ಹಣ ಹಾಕಿದವರಾಗಿರಿ, ಟ್ರಸ್ಟಿಯಾಗಿರಿ, ಫಲಾನುಭವಿಯಾಗಿರಿ, ಅದಕ್ಕೂ ಎಫ್‌ಎಯಲ್ಲಿ ಪ್ರತ್ಯೇಕ ಕೋಷ್ಟಕ ಇದೆ. ಬಚ್ಚಿಡೋಕೆ ಜಾಗ ಅಲ್ಲ ಅದು.

ಎನ್‌ಆರ್‌ಐ ಆಗಿರೋರು, ವಾಪಸ್ ಬಂದು ಇನ್ನೂ ಆರ್‌ಎನ್‌ಒಆರ್ ಸ್ಥಿತಿಯಲ್ಲಿರೋರು ಎಫ್‌ಎ ತುಂಬಬೇಕಿಲ್ಲ. ನಮ್ಮ ಹಾಗೆ ಚೆನ್ನೈಲೇ ಬೇರು ಬಿಟ್ಟೋರು ತುಂಬಲೇಬೇಕು.

ನಾನು ಡಿಸೆಂಬರ್ ಮುಗಿಯೋ ಮುಂಚೆ ಐಟಿಆರ್-2ರಲ್ಲಿ ಪರಿಷ್ಕೃತ ರಿಟರ್ನ್ ಹಾಕಿದೆ. ಕಟ್ಟಬೇಕಾಗಿ ಬಂದದ್ದು ಡಿವಿಡೆಂಡ್ ಮೇಲಿನ ಚಿಲ್ಲರೆ ಹಣ. 2025-26ರ ಅಸೆಸ್‌ಮೆಂಟ್‌ಗೆ ಮರೆತಿದ್ದೋರಿಗೆ 2025ರ ಡಿಸೆಂಬರ್ 31ರವರೆಗೆ ಅವಕಾಶ ಇತ್ತು. ಹಿಂದಿನ ವರ್ಷಗಳದ್ದು ಬಾಕಿ ಇದ್ರೆ ಒಬ್ಬ ಸಿಎ ಹತ್ರ ಕೂತು ಮಾತಾಡಿ. ಇವತ್ತು ರಾತ್ರಿ ಬ್ರೋಕರ್ ಖಾತೆ ತೆಗೆದು ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಅಲ್ಲಿಂದ ಶುರು ಮಾಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.