ಅಕ್ಕನ ಲ್ಯಾಪ್‌ಟಾಪು ಮತ್ತು ಎತ್ತಿನ ಹಲ್ಲು



ನಮ್ಮ ಶಾಲೆ ಬಿಟ್ಟು ಹೋದ ಅಕ್ಕಂದಿರು ಅಣ್ಣಂದಿರು ಪಿಯುಸಿ ಮುಗಿಸಿ ಕಾಲೇಜು, ಹಾಸ್ಟೆಲ್ ಅಂತ ಹೊರಟಾಗ ಎಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ. "ಲ್ಯಾಪ್‌ಟಾಪ್ ಬೇಕಂತೆ, ಯಾವುದು ತಗೊಳ್ಳೋದು?" ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಬರೆದು ಬಂದಿದ್ದೇವೆ. ಅದಕ್ಕೇ ಈ ಲೇಖನ.

2025ರಲ್ಲಿ ನಮ್ಮಕ್ಕ ಬಿ.ಕಾಂ. ಸೇರಿದಳು. ಅಪ್ಪ ಒಂದು ಬೆಳೆ ರೇಷ್ಮೆಗೂಡಿನ ದುಡ್ಡು ಎತ್ತಿಟ್ಟಿದ್ದರು, 18,000 ರೂಪಾಯಿ. ಅಷ್ಟಕ್ಕೆ ಒಳ್ಳೇ ಹೊಸದು ಬರಲಿಲ್ಲ, ಹಳೇದು ತಗೊಂಡ್ವಿ. ಅಂಗಡಿಯವರು "ಐ5 ಸಾರ್, ಐ5" ಅಂತ ಹತ್ತು ಸಲ ಹೇಳಿದರು. ಅಪ್ಪ ತಲೆಯಾಡಿಸಿದರು, ನಾನೂ ಆಡಿಸಿದೆ. ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡದೆ ಮುಂಗಡ ಕೊಡದ ನಮ್ಮಪ್ಪ ಅವತ್ತು ನೀಲಿ ಸ್ಟಿಕ್ಕರ್ ನೋಡಿ ದುಡ್ಡು ಎಣಿಸಿಬಿಟ್ಟರು.

ಲ್ಯಾಪ್‌ಟಾಪಿಗೂ ಹಲ್ಲುಂಟು! ಐ5 ಅನ್ನೋದು ಬರೀ ತಳಿಯ ಹೆಸರು, ವಯಸ್ಸು ಗೊತ್ತಾಗುವುದು ಅದರ ಮುಂದಿನ ಅಂಕಿಯಿಂದ. ಐ5-6300ಯು ಎಂದಿದ್ದರೆ ಮೊದಲ ಅಂಕಿ 6, ಅಂದರೆ ಆರನೇ ತಲೆಮಾರು. ಅದು ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ಐ5-1235ಯು ಎಂದಿದ್ದರೆ ಮೊದಲೆರಡು ಅಂಕಿ ಸೇರಿಸಿ ಓದಬೇಕು, ಹನ್ನೆರಡನೇ ತಲೆಮಾರು. ಹೊಸ ಐ3 ಎಷ್ಟೋ ಸಲ ಮುದಿ ಐ5ಗಿಂತ ಚುರುಕಾಗಿರುತ್ತದೆ. (ಇದು ಇಂಟೆಲ್ ಕಂಪನಿಯ ಲೆಕ್ಕ. ಅದರದ್ದೇ ಕೋರ್ ಅಲ್ಟ್ರಾ ಎಂಬ ಹೊಸ ಹೆಸರಿಗೂ, ಎಎಂಡಿ ಕಂಪನಿಯ ರೈಜೆನ್‌ಗೂ ಲೆಕ್ಕ ಬೇರೆ.) ಅಂಗಡಿಯವರು ಸ್ಟಿಕ್ಕರ್ ತೋರಿಸಿದರೆ ಸುಮ್ಮನಾಗಬೇಡಿ. ಯಂತ್ರ ಹಾಕಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ಒತ್ತಿಸಿ ನೋಡಿ. ಪೂರ್ತಿ ಸಂಖ್ಯೆ ಅಲ್ಲಿರುತ್ತದೆ.

ವಯಸ್ಸು ಯಾಕೆ ಮುಖ್ಯ ಅಂತೀರಾ? ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಅವತ್ತೇ ನಿಂತುಹೋಗಲಿಲ್ಲ, ಆದರೆ ವೈರಸ್ ನುಗ್ಗುವ ಕಿಂಡಿ ಮುಚ್ಚುವ ತಿದ್ದುಪಡಿಗಳು ಮೊದಲಿನ ಹಾಗೆ ಬರುವುದಿಲ್ಲ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಇರಬೇಕು. ಅಕ್ಕನದು ಆರನೆಯದು! ಕೊಂಡು ಮೂರು ತಿಂಗಳಾಗಿರಲಿಲ್ಲ.

ಆಮೇಲೆ ಅಕ್ಕನ ಸೀನಿಯರ್ ಒಬ್ಬರು ಉಬುಂಟು ಹಾಕಿಕೊಟ್ಟರು. ಇದು ಉಚಿತ, ಹಳೇ ಯಂತ್ರದಲ್ಲೂ ಓಡುತ್ತದೆ. ಪತ್ರ, ಲೆಕ್ಕದ ಹಾಳೆ ಮಾಡಲು ಲಿಬ್ರೆಆಫೀಸ್ ಅದರಲ್ಲೇ ಸಿಗುತ್ತದೆ. ಆದರೆ ಬಿ.ಕಾಂ.ನವರಿಗೆ ಟ್ಯಾಲಿ ಬೇಕಲ್ಲ! ನಮ್ಮ ಬೆಂಗಳೂರಿನ ಕಂಪನಿಯದೇ ಆದರೂ ಟ್ಯಾಲಿ ವಿಂಡೋಸ್‌ಗೆಂದು ಮಾಡಿದ್ದು. ಹಾಗಾಗಿ ಅಕ್ಕ ದಿನಾ ಕ್ಲಾಸ್ ಮುಗಿದ ಮೇಲೆ ಕಾಲೇಜಿನ ಲ್ಯಾಬಿಗೆ ಓಡುತ್ತಾಳೆ. ಲ್ಯಾಬು ಐದಕ್ಕೆ ಬೀಗ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಾಲೇಜಿನಲ್ಲಿ ಕೇಳಿ, ಯಾವ್ಯಾವ ತಂತ್ರಾಂಶ ಕಲಿಸ್ತೀರಿ ಅಂತ. ಬಿ.ಎ.ಯವರಿಗೆ ಟೈಪಿಂಗು, ಓದು ಆದರೆ ಸಾಕು. ಬಿಸಿಎಯವರು ಪ್ರೋಗ್ರಾಂ ಬರೀಬೇಕು. ಯಂತ್ರದ ಭಾಗಗಳ ಚಿತ್ರ ಬಿಡಿಸುವ ಇಂಜಿನಿಯರಿಂಗ್‌ನವರಿಗೆ ಮಾತ್ರ ಗಟ್ಟಿ ಯಂತ್ರ ಬೇಕು. ಅವರೂ ಮೊದಲ ವರ್ಷ ಅವಸರ ಮಾಡೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನು ರ‍್ಯಾಮ್, ಡಿಸ್ಕ್ ಅಂತಾರಲ್ಲ, ಅದು ಕಣ ಮತ್ತು ಕಣಜ ಇದ್ದ ಹಾಗೆ. ರಾಗಿ ತುಂಬಿಡೋದು ಕಣಜದಲ್ಲಿ, ಅದು ಡಿಸ್ಕ್. ಹರಡಿಕೊಂಡು ಕೆಲಸ ಮಾಡೋದು ಕಣದಲ್ಲಿ, ಅದು ರ‍್ಯಾಮ್. ಕಣ ಚಿಕ್ಕದಾದರೆ ಎಂಥ ಎತ್ತಿದ್ದರೂ ಒಕ್ಕಣೆ ನಿಧಾನವೇ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕೆಂದು ಕಂಪನಿಯೇ ಹೇಳುತ್ತದೆ. ಅದು ಎದ್ದು ಕೂರೋಕೆ ಸಾಕು, ದುಡಿಯೋಕೆ ಸಾಲದು. 8 ಜಿಬಿ ಇರಲಿ. ಮುಂದೆ ಹೆಚ್ಚಿಸಬಹುದಾ ಅಂತಲೂ ಕೇಳಿ, ಕೆಲವದರಲ್ಲಿ ರ‍್ಯಾಮ್ ಬೆಸುಗೆ ಹಾಕಿರ‍್ತಾರೆ, ಬದಲಿಸೋಕಾಗಲ್ಲ. ಡಿಸ್ಕು ಎಸ್‌ಎಸ್‌ಡಿಯೇ ಆಗಿರಬೇಕು. ಹಳೇ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಬೇಕಾದ ಜಾಗ ಬರುವವರೆಗೆ ಕಾಯಬೇಕು, ಬಿದ್ದರೆ ಪೆಟ್ಟಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಕ್ಕನ ಯಂತ್ರಕ್ಕೆ ಅದನ್ನು ಹಾಕಿಸಿದ ಮೇಲೆ ಮೊದಲಿನ ಗೊಣಗಾಟ ನಿಂತಿದೆ.

512 ಜಿಬಿ ಅಂತ ಬರೆದು, ತೆರೆದರೆ 476 ತೋರಿಸಿದರೆ ಜಗಳಕ್ಕೆ ಹೋಗಬೇಡಿ! ಕಂಪನಿ ಒಂದು ಜಿಬಿಗೆ 100 ಕೋಟಿ ಬೈಟ್ ಅಳೆಯುತ್ತದೆ, ವಿಂಡೋಸ್ 107 ಕೋಟಿ ಚಿಲ್ಲರೆ ಅಳೆಯುತ್ತದೆ. ಸೇರು ಬೇರೆ, ರಾಗಿ ಅಷ್ಟೇ.

ಬ್ಯಾಟರಿಗೆ ನಮ್ಮ ಗಣಿತವೇ ಸಾಕು. 48 ವ್ಯಾಟ್-ಅವರ್ ಬ್ಯಾಟರಿ, ಯಂತ್ರ 10 ವ್ಯಾಟ್ ತಿನ್ನುತ್ತೆ ಅಂದರೆ ಐದು ಗಂಟೆಗೆ ಸ್ವಲ್ಪ ಕಮ್ಮಿ. ಹಳೇದರಲ್ಲಿ ಆ 48 ಸವೆದು 20ಕ್ಕೆ ಇಳಿದಿದ್ದರೆ ಎರಡೇ ಗಂಟೆ. ಎಷ್ಟು ಸವೆದಿದೆ ಎಂದು ವಿಂಡೋಸ್ ತಾನೇ ವರದಿ ಕೊಡುತ್ತದೆ. ಅದರ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟಿದ್ದೇನೆ, ಬೇಕಾದವರು ಊಟದ ಬಿಡುವಿನಲ್ಲಿ ಬಂದು ಕೇಳಿ.

ಕೊಂಡ ಮೇಲೆ ಹಾಸ್ಟೆಲ್‌ಗೆ ಹಾಗೇ ಒಯ್ಯಬೇಡಿ. ಊರಲ್ಲಿರುವಾಗಲೇ ಬಾಕಿ ಅಪ್‌ಡೇಟ್ ಮುಗಿಸಿ, ಪಾಸ್‌ವರ್ಡ್ ಹಾಕಿ. ಬಿಲ್ಲನ್ನೂ, ಯಂತ್ರದ ಕೆಳಗಿರುವ ಸೀರಿಯಲ್ ನಂಬರನ್ನೂ ಒಂದು ಹಾಳೆಗೆ ಇಳಿಸಿ ಮನೆಯ ಟ್ರಂಕಿನಲ್ಲಿಡಿ. ಕಳುವಾದರೆ ದೂರು ಕೊಡಲು ಬೇಕಾಗುವುದು ಅದೇ. ಒಂದು ಎಕ್ಸ್‌ಟೆನ್ಷನ್ ಬೋರ್ಡೂ ಇರಲಿ, ಹಾಸ್ಟೆಲ್ ರೂಮಿನ ಪ್ಲಗ್ಗಿಗೆ ನಾಲ್ಕು ಜನರ ಚಾರ್ಜರ್ ಕಾದಿರುತ್ತೆ.

ಕನ್ನಡ ಟೈಪಿಂಗನ್ನು ಯೂನಿಕೋಡ್‌ನಲ್ಲೇ ಕಲಿಯಿರಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ಕಾಣುತ್ತದೆ. ವಿಂಡೋಸ್, ಉಬುಂಟು ಎರಡರಲ್ಲೂ ಕನ್ನಡದ ಕೀಲಿಮಣೆ ಒಳಗೇ ಇದೆ, ಆರಿಸಿಕೊಂಡರಾಯಿತು.

ಮತ್ತೆ, ಬರೆದದ್ದನ್ನೆಲ್ಲ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿ, ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ. ಅಕ್ಕ ಅದನ್ನು ಸಾಬೂನಿನ ಡಬ್ಬಿಯಲ್ಲಿಡುತ್ತಾಳೆ. ಖಾಲಿ ಡಬ್ಬಿ ಮಾರಾಯ್ರೇ, ನಗಬೇಡಿ!

– 10ನೇ ತರಗತಿಯ ಒಬ್ಬ ತಮ್ಮ