ಐದು ಅಕ್ಷರ, ಹಲವು ಸ್ವರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಇವು ವಿಜಯನಗರ ಜಿಲ್ಲೆಯ ಊರುಗಳು. ಇವುಗಳ ಹೆಸರನ್ನು ಎರಡು ಲಿಪಿಗಳಲ್ಲಿ ಬರೆದು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಕೂಡ್ಲಿಗಿಯ ‘ಕೂ’ ದೀರ್ಘವೆಂದು ಕನ್ನಡ ಲಿಪಿ ಸ್ಪಷ್ಟವಾಗಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿರುವುದು ಒಂದೇ ‘ಯು’ ಅಕ್ಷರ. ಅದು ಹ್ರಸ್ವವೋ ದೀರ್ಘವೋ ಊರನ್ನು ಬಲ್ಲವರಿಗೇ ಗೊತ್ತು. ಬಳ್ಳಾರಿಯ ಇಂಗ್ಲಿಷ್ ಹೆಸರಿನಲ್ಲಿ ಮೊದಲು ‘ಬಿ’ಯ ಮುಂದೆ ‘ಇ’ ಅಕ್ಷರವಿತ್ತು. 2014ರ ನವೆಂಬರ್ 1ರಂದು ಅದರ ಸ್ಥಾನಕ್ಕೆ ‘ಎ’ ಬಂದಿತು. ಈಗ ‘ಬ’ದ ಹ್ರಸ್ವಕ್ಕೂ ‘ಳ್ಳಾ’ದ ದೀರ್ಘಕ್ಕೂ ಅದೊಂದೇ ಅಕ್ಷರ.

ಇಂಗ್ಲಿಷಿನ ಸ್ವರಾಕ್ಷರಗಳು ಐದು. ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ಸ್ವರಧ್ವನಿಗಳು ಸುಮಾರು 20. ಆದುದರಿಂದ ‘ನೇಮ್’ ಎಂಬ ಪದವನ್ನು ಕನ್ನಡದ ಮಗು ‘ಎನ್, ಇ, ಎಂ’ ಎಂದು ಬರೆದರೆ ಆಶ್ಚರ್ಯವಿಲ್ಲ. ಆ ತಪ್ಪಿನ ಹಿಂದೆ ದಡ್ಡತನವಿಲ್ಲ. ನುಡಿದಂತೆ ಬರೆಯಬೇಕೆಂಬ ಕನ್ನಡದ ನಿಷ್ಠೆಯಿದೆ.

ಹಿಂದೆ ಇಂಗ್ಲಿಷರೂ ಬಹುಮಟ್ಟಿಗೆ ನುಡಿದಂತೆಯೇ ಬರೆಯುತ್ತಿದ್ದರು. 14ನೆಯ ಶತಮಾನದ ಕವಿ ಚಾಸರನ ಕಾಲದಲ್ಲಿ ‘ನೇಮ್’ ಪದದ ಉಚ್ಚಾರಣೆ ‘ನಾಮ’ಕ್ಕೆ ಸಮೀಪವಾಗಿತ್ತು, ಕೊನೆಯ ‘ಇ’ ಅಕ್ಷರಕ್ಕೂ ಧ್ವನಿಯಿತ್ತು. ಸುಮಾರು 1400ರಿಂದ 1700ರವರೆಗೆ ದೀರ್ಘಸ್ವರಗಳ ಉಚ್ಚಾರಣೆ ಬದಲಾಯಿತು. ಅದೇ ಅವಧಿಯಲ್ಲಿ, 1476ರಲ್ಲಿ, ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ಸ್ಥಾಪಿಸಿದನು. ಮುದ್ರಣವು ಬರೆಹವನ್ನು ಕ್ರಮೇಣ ಸ್ಥಿರಗೊಳಿಸಿತು. ನಾಲಗೆ ಮುಂದೆ ಸಾಗಿತು.

ಹಾಗೆಂದು ಇಂಗ್ಲಿಷಿನ ಕಾಗುಣಿತ ನಿಯಮವಿಲ್ಲದ ಕಾಡಲ್ಲ. ‘ಪಿನ್’ ಪದದ ಕೊನೆಗೆ ‘ಇ’ ಸೇರಿದರೆ ‘ಪೈನ್’ ಆಗುತ್ತದೆ. ‘ಹ್ಯಾಟ್’ ‘ಹೇಟ್’ ಆಗುತ್ತದೆ. ‘ಕಟ್’ ‘ಕ್ಯೂಟ್’ ಆಗುತ್ತದೆ. ಮೂಕವಾದ ಆ ಅಕ್ಷರವು ಹಿಂದಿನ ಸ್ವರವನ್ನು ಬದಲಿಸುತ್ತದೆ. ಅಂತೆಯೇ ‘ರೇನ್’ ಪದದ ನಡುವೆ ‘ಏ’ ಧ್ವನಿಗೆ ‘ಎ-ಐ’ ಬಂದರೆ, ‘ಡೇ’ ಪದದ ಕೊನೆಯಲ್ಲಿ ‘ಎ-ವೈ’ ಬರುತ್ತದೆ. ಏಕೆಂದರೆ ಇಂಗ್ಲಿಷ್ ಪದಗಳು ‘ಐ’ ಅಕ್ಷರದಿಂದ ಮುಗಿಯುವುದು ವಿರಳ. ‘ಗಿವ್’, ‘ಹ್ಯಾವ್’ಗಳಂತಹ ಅಪವಾದಗಳೂ ಉಂಟು. ಪದಗಳು ‘ವಿ’ ಅಕ್ಷರದಲ್ಲಿ ನಿಲ್ಲಬಾರದೆಂಬ ರೂಢಿಯಿಂದ ಅಲ್ಲಿ ‘ಇ’ ಬಂದಿದೆ. ಸ್ವರವನ್ನು ಬದಲಿಸಲು ಅಲ್ಲ.

ಆದುದರಿಂದ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ, ಒಂದೇ ಮಾದರಿಯವುಗಳನ್ನು ಗುಂಪುಮಾಡಿ, ಗಟ್ಟಿಯಾಗಿ ಓದಿ, ಬರೆದು ಕಲಿಯುವುದು ಮೇಲು. ಕಾಗುಣಿತದ ಬಳ್ಳಿಯನ್ನು ಒಮ್ಮೆ ಕಲಿತ ಮಗುವಿಗೆ ಈ ದಾರಿ ಹೊಸದಲ್ಲ. ಹ್ರಸ್ವ ದೀರ್ಘಗಳನ್ನು ಕಿವಿಯಿಂದಲೇ ಬೇರ್ಪಡಿಸುವ ಶಕ್ತಿಯನ್ನು ಕನ್ನಡ ಅದಕ್ಕೆ ಆಗಲೇ ಕೊಟ್ಟಿದೆ.