ನಂಬರು ನೋಡದೆ ಕ್ಯಾಮೆರಾ ತಕ್ಕಡಿಗೆ ಹಾಕಬೇಡಿ!

ಮಂಡ್ಯ: "ಏನಣ್ಣ, ಈ ನಂಬರಿನ ಕ್ಯಾಮೆರಾಕ್ಕೆ ಲಕ್ಷಗಟ್ಲೆ ಸಿಕ್ತದಂತೆ, ದಿಟವಾ?"

ಮಂಡ್ಯದ ಪೇಟೆ ಬೀದಿಯಿಂದ ಹಿಡಿದು ಮದ್ದೂರು, ಮಳವಳ್ಳಿವರೆಗೆ ಹಳೇ ಫೋಟೋ ಸ್ಟುಡಿಯೋದವರ ಮುಂದೆ ಆಗಾಗ ಬಂದು ಬೀಳುವ ಪ್ರಶ್ನೆ ಇದು. ಹಬ್ಬಕ್ಕೆ ಅಟ್ಟ ಗುಡಿಸುವಾಗ ತಾತನ ಕಾಲದ್ದೊಂದು ಕ್ಯಾಮೆರಾ ಸಿಕ್ಕಿರುತ್ತದೆ. ಇಂಥ ನಂಬರಿಗೆ ಇಷ್ಟು ಲಕ್ಷ ಎಂದು ಮೊಬೈಲಿನಲ್ಲಿ ಯಾರೋ ಊದಿರುತ್ತಾರೆ. ಮನೆಮಂದಿಗೆಲ್ಲ ರಾತ್ರಿ ನಿದ್ದೆ ಇಲ್ಲ!

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ನಂಬರೂ ನೋಡದೆ ಗುಜರಿ ತಕ್ಕಡಿಗೆ ಹಾಕಿ, ಎರಡು ಮದ್ದೂರು ವಡೆ ಕಾಸು ಎಣಿಸಿಕೊಂಡು ಬಸ್ ಹತ್ತುತ್ತಾರೆ.

ಇಬ್ಬರೂ ಕೆಟ್ಟರು. ಕ್ಯಾಮೆರಾದ ನಂಬರು ಅದರ ಜಾತಕ ಇದ್ದ ಹಾಗೆ. ಓದಲು ಬಂದರೆ ವಯಸ್ಸೂ ತಿಳಿಯುತ್ತದೆ, ಅಸಲಿಯೋ ನಕಲಿಯೋ ಎಂಬ ಸುಳಿವೂ ಸಿಗುತ್ತದೆ.

ಯಾವುದು ನಂಬರು?

ಲೆನ್ಸಿನ ಸುತ್ತ ಕೊರೆದ ಅಂಕಿಯನ್ನು ಕ್ಯಾಮೆರಾದ್ದೆಂದು ಓದುವವರೇ ಹೆಚ್ಚು. ಅದು ಲೆನ್ಸಿನ ನಂಬರು. ಕ್ಯಾಮೆರಾದ್ದು ಬೇರೆ, ಸಾಮಾನ್ಯವಾಗಿ ನೆತ್ತಿಯ ಮೇಲೆ, ಬೆನ್ನಿಗೆ ಅಥವಾ ತಳದಲ್ಲಿ ಇರುತ್ತದೆ. ಅಗ್ಗದ ಡಬ್ಬಾ ಕ್ಯಾಮೆರಾಗಳಲ್ಲಿ ಎಷ್ಟೋ ಸಲ ನಂಬರೇ ಇರುವುದಿಲ್ಲ. ಇಲ್ಲವೆಂದು ಗಾಬರಿ ಬೇಡ.

ಸೋವಿಯತ್ ಕಾಲದ ಜೆನಿಟ್ ಓದುವುದು ಸುಲಭ. ಸಾಮಾನ್ಯವಾಗಿ ಮೊದಲ ಎರಡು ಅಂಕಿಯೇ ವರ್ಷ. 78ರಿಂದ ಶುರುವಾದರೆ 1978ರಲ್ಲಿ ತಯಾರಾದದ್ದು.

ಅದೇ ಲೆಕ್ಕ ಜಪಾನಿನ ನಿಕಾನ್ ಎಫ್‌ಗೆ ಹಾಕಿದರೆ ಟೋಪಿ. ಅದರ ನಂಬರು ಶುರುವಾಗಿದ್ದೇ 64 ಲಕ್ಷದಿಂದ; ಮಾರುಕಟ್ಟೆಗೆ ಬಂದದ್ದು 1959ರಲ್ಲಿ. 64 ಕಂಡೊಡನೆ 1964ರ ಮಾಡೆಲ್ ಎಂದು ಮಾರುವವನು ತನಗೇ ನಷ್ಟ ಮಾಡಿಕೊಂಡಾನು. ಮೊದಮೊದಲ ನಂಬರುಗಳಿಗೇ ಸಂಗ್ರಹಕಾರರಲ್ಲಿ ಬೆಲೆ ಜಾಸ್ತಿ.

ಕ್ಯಾನನ್ ಎಇ-1ರಂಥವುಗಳಲ್ಲಿ ವರ್ಷ ಅಡಗಿರುವುದು ಹೊಟ್ಟೆಯೊಳಗೆ. ಹಿಂಬಾಗಿಲು ತೆರೆದರೆ ರೀಲು ಕೂರುವ ಜಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅಂಕಿ. ಎ ಅಂದರೆ 1960, ಕ್ಯೂ ಅಂದರೆ 1976, ಯು ಅಂದರೆ 1980. ಮುಂದಿನ ಎರಡು ಅಂಕಿ ತಿಂಗಳು. 1985ಕ್ಕೆ ಝಡ್ ಮುಗಿದು, 1986ಕ್ಕೆ ಮತ್ತೆ ಎ ಬಂತು.

ಆದರೆ ಬಾಗಿಲು ತೆರೆಯುವ ಮುನ್ನ ರೀಲು ಸುತ್ತುವ ಗುಬಟನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ರೀಲಿದೆ. ತೆರೆದರೆ ತಾತ ತೆಗೆದ ಯಾರ ಮದುವೆ ಚಿತ್ರವೋ ಬೆಳಕಿಗೆ ಬಲಿ!

ಬೆಳ್ಳಗಿರೋದೆಲ್ಲ ಹಾಲಲ್ಲ

ವಿಚಿತ್ರ ನಂಬರು ಕಂಡರೆ ಹಿಗ್ಗುವ ಮೊದಲು ಕಾರಣ ಹುಡುಕಬೇಕು. ಕೆಲವು ನಿಕಾನ್ ಎಫ್‌ಗಳ ನಂಬರಿನ ಹಿಂದೆ ಒಂದು ಕೆಂಪು ಚುಕ್ಕಿ ಇರುತ್ತದೆ. ಹೊಸ ಮೀಟರಿನ ತಲೆ ಕೂರುವಂತೆ ಮಾರ್ಪಾಡು ಮಾಡಿದ ಗುರುತದು. ಇದು ಅಸಲಿ ವಿಚಿತ್ರ.

ನಕಲಿ ವಿಚಿತ್ರ ನೋಡಬೇಕೆ? ಚಿನ್ನದ ಬಣ್ಣ ಬಳಿದು, ಜರ್ಮನ್ ವಾಯುಪಡೆಯ ಮುದ್ರೆ ಕೊರೆದ 'ಲೈಕಾ'. ಇವುಗಳಲ್ಲಿ ಬಹುಪಾಲು ಸೋವಿಯತ್ ಕಾಲದ ಫೆಡ್, ಜೋರ್ಕಿ ಕ್ಯಾಮೆರಾಗಳಿಗೆ ಹಾಕಿದ ವೇಷ. ಲೆನ್ಸು ಬಿಚ್ಚಿ ಒಳಗೆ ಮೇಲ್ಭಾಗದಲ್ಲಿ ನೋಡಿ. ಲೆನ್ಸನ್ನು ತಾಗುವ ಪುಟ್ಟ ತೋಳಿನ ತುದಿಯಲ್ಲಿ ಅಸಲಿ ಲೈಕಾಕ್ಕೆ ದುಂಡನೆಯ ಗಾಲಿ. ಫೆಡ್‌ಗೆ ಸಾಮಾನ್ಯವಾಗಿ ಚಪ್ಪಟೆ ನಾಲಿಗೆ. ನಂಬರು ಸುಳ್ಳು ಹೇಳಿದರೂ ಮೈ ಹೇಳುವುದಿಲ್ಲ.

ಲಕ್ಷದ ಗಾಳಿಸುದ್ದಿಗೆ ಮೂಲವೂ ಲೈಕಾವೇ. 2022ರ ಜೂನ್‌ನಲ್ಲಿ ಜರ್ಮನಿಯಲ್ಲಿ 105ನೇ ನಂಬರಿನ ಲೈಕಾ 144 ಲಕ್ಷ ಯೂರೋಗೆ ಹೋಯಿತು. ನಮ್ಮ ದುಡ್ಡಲ್ಲಿ ನೂರು ಕೋಟಿಗೂ ಮೇಲೆ! ಬರಿಯ ನಂಬರಿಗೆ ಬಂದ ಬೆಲೆಯಲ್ಲ ಅದು. ಕ್ಯಾಮೆರಾ 1923ರ ಪ್ರಯೋಗದ ಕಂತಿನದು. ಲೈಕಾ ಕಂಡುಹಿಡಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದು. ಅವರ ಹೆಸರೂ ಮೇಲೆ ಕೊರೆದಿದೆ. ನಂಬರಿನ ಹಿಂದೆ ಪುರಾವೆ ಇತ್ತು.

ಉಜ್ಜಿದ ನಂಬರು, ಉಸಿರು ಕಟ್ಟೀತು

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಅರ ಹಾಕಿದ ಗೀರು, ಒಂದೊಂದು ಅಂಕಿ ಒಂದೊಂದು ಆಳ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಂಡರೆ, ಹಿಂದೆ ಐಪಿಸಿ 411 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು. 'ನಂಗೊತ್ತಿರ್ಲಿಲ್ಲ ಸಾರ್' ಎಂದರೂ, ನಂಬರು ಯಾಕೆ ಉಜ್ಜಿದೆ ಅಂತ ಕೇಳಲಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮನೆಯವರಿಗೆ ಒಂದು ಮಾತು. ಹೊಳೆಯಲಿ ಎಂದು ಹುಣಸೆಹಣ್ಣು, ಸಬೀನಾ ಹಾಕಿ ತಿಕ್ಕಬೇಡಿ. ಒಣಬಟ್ಟೆ ಸಾಕು. ಹಳೇ ಟ್ರಂಕು, ದೇವರಮನೆ ಪೆಟ್ಟಿಗೆಯಲ್ಲಿ ಚೀಟಿ ಹುಡುಕಿ. ವಿದೇಶಕ್ಕೆ ಕ್ಯಾಮೆರಾ ಒಯ್ಯುವವರು ವಾಪಸು ತರುವಾಗ ಸುಂಕ ಬೀಳದಿರಲೆಂದು ಕಸ್ಟಮ್ಸ್‌ನವರಿಂದ ನಂಬರು ಬರೆಸಿಕೊಳ್ಳುತ್ತಿದ್ದ ಕಾಲವಿತ್ತು. ಅಂಥ ಚೀಟಿ, ಅಂಗಡಿ ಬಿಲ್ಲು, ಅದೇ ಕ್ಯಾಮೆರಾದಲ್ಲಿ ತೆಗೆದ ಫೋಟೋ ಜೊತೆಗಿದ್ದರೆ ಕೊಳ್ಳುವವನಿಗೆ ನಂಬಿಕೆ, ನಿಮಗೆ ನಾಲ್ಕು ಕಾಸು. ಮಾರದಿದ್ದರೂ ನಂಬರು ಬರೆದಿಡಿ. ಕಳುವಾದರೆ ಠಾಣೆಯಲ್ಲಿ ನಿಮ್ಮದೆಂದು ಹೇಳಲು ಅದೇ ಆಧಾರ.

ಲಕ್ಷ ಸಿಗದಿದ್ದರೆ ಬೇಡ. ಅಲಕ್ಷ್ಯವಂತೂ ಬೇಡವೇ ಬೇಡ.